ತೆರವು ಸಮಾರಂಭ

ನಮ್ಮವರು ಫೋನಿನಲ್ಲಿ "ಒಂದು ಒಳ್ಳೇ ಸುದ್ದಿ ಇದೆ, ಬಂದ್ಮೇಲೆ ಹೇಳ್ತೀನಿ" ಎಂದರೆ ನಾನು ಮೊದಲು ಕೂತುಕೊಳ್ಳಲು ಜಾಗ ಹುಡುಕುತ್ತೇನೆ. ಹಿಂದೆ ಎರಡು ಸಲ ಹೀಗೆ ಹೇಳಿದ್ದರು. ಮೊದಲನೆಯ ಸಲ, ಅವರು ಹದಿನೆಂಟು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತಿದ್ದ ಸಿನಿಮಾ ಮಂದಿರ ಮುಚ್ಚಿಹೋಗಿತ್ತು. "ಇನ್ಮೇಲೆ ಭಾನುವಾರನೂ ಮನೇಲೇ ಇರ್ತೀನಿ" ಎಂಬುದು ಅದರಲ್ಲಿದ್ದ ಒಳ್ಳೆಯ ಭಾಗ. ಎರಡನೆಯ ಸಲ, ಸಂಚಾರಿ ಗ್ರಂಥಾಲಯದ ಹಳೆಯ ವ್ಯಾನೊಂದನ್ನು ಹರಾಜಿನಲ್ಲಿ ಹಿಡಿದು ತಂದು ಮನೆಯ ಮುಂದೆ ನಿಲ್ಲಿಸಿದ್ದರು.

ಮೂರನೆಯ ಸಲ ಈ ಮಾತು ಕಿವಿಗೆ ಬಿದ್ದಾಗ ನಾನು ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಿದ್ದಳು. ನಾನು ನಾಲ್ಕು ದಿನದ ಮಟ್ಟಿಗೆ ಹೋಗಿದ್ದೆ. "ಏನ್ರೀ ಅದು, ಈಗಲೇ ಹೇಳಿ" ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅಕ್ಕ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳು ನನ್ನ ಮುಖ ನೋಡಿ, "ಯಾಕೇ, ನಿಂಗೇನು ಮುರೀತು?" ಎಂದಳು.

ವ್ಯಾನಿನ ವಿಷಯ ಸ್ವಲ್ಪ ಹೇಳಬೇಕು. ನಾವು ಅದಕ್ಕೆ ಎರಡು ಕೈ ಹಳದಿ ಬಣ್ಣ ಹೊಡೆಸಿ, ಒಳಗೆ ಒಲೆ ಕೂರಿಸಿ, ಬಸ್ ನಿಲ್ದಾಣದ ಹಿಂಬದಿ ರಸ್ತೆಯಲ್ಲಿ ನಿಲ್ಲಿಸಿ, ಸೂಪು ಮತ್ತು ಮೊಟ್ಟೆ ಬ್ರೆಡ್ಡು ಮಾರುತ್ತಿದ್ದೆವು. ಪುಸ್ತಕ ಇಡುವ ಗೂಡುಗಳಲ್ಲಿ ಬ್ರೆಡ್ಡು ಅಚ್ಚುಕಟ್ಟಾಗಿ ಕೂರುತ್ತಿತ್ತು. ಪಕ್ಕದ ಬಾಗಿಲು ಮೇಲಕ್ಕೆ ತೆರೆಯುವಂಥದ್ದು. ತೆರೆದ ಮೇಲೆ ನಿಲ್ಲಲು ನೆಲ ಒರೆಸುವ ಕೋಲೊಂದನ್ನು ಆನಿಸಬೇಕು. ಹಳದಿ ಬಣ್ಣದ ಅಡಿಯಿಂದ 'ದಯವಿಟ್ಟು ಮೌನವಾಗಿರಿ' ಎಂಬ ಹಳೆಯ ಅಕ್ಷರಗಳು ಬಿಸಿಲು ಬಿದ್ದಾಗ ಮೆಲ್ಲಗೆ ಮೇಲೆ ಬರುತ್ತಿದ್ದವು. ಅದಕ್ಕೋ ಏನೋ, ನಮ್ಮ ಗಿರಾಕಿಗಳೆಲ್ಲ ಪಿಸುಮಾತಿನಲ್ಲಿ ಸೂಪು ಕೇಳುತ್ತಿದ್ದರು. ನಮ್ಮವರು ಹಳೆಯ ಅಭ್ಯಾಸದಲ್ಲಿ ತಲೆ ಬಗ್ಗಿಸಿ, "ಎಷ್ಟು ಜನ? ಒಟ್ಟಿಗೇ ಬೇಕಾ, ಬೇರೆ ಬೇರೆ ಸಾಲಲ್ಲಿ ಆಗತ್ತಾ?" ಎನ್ನುತ್ತಿದ್ದರು.

ವ್ಯಾಪಾರ ಹೇಗೋ ನಡೆದಿತ್ತು. ಆದರೆ ನಮ್ಮವರಿಗೆ ಒಂದು ಕೊರಗು. ವ್ಯಾನಿಗೆ ಉದ್ಘಾಟನೆ ಆಗಿರಲಿಲ್ಲ. ಒಂದು ಮಂಗಳವಾರ ಸುಮ್ಮನೆ ಬಾಗಿಲೆತ್ತಿ ಕೋಲು ಕೊಟ್ಟು ಶುರು ಮಾಡಿದ್ದೆವು. ಮೊದಲು ಬಂದವನು ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಹೋದ. ಗಣ್ಯರೊಬ್ಬರು ಬಂದು, ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡರೇ ಅದು ಅಂಗಡಿ ಎಂಬುದು ಅವರ ನಂಬಿಕೆ. ಸಿನಿಮಾ ಮಂದಿರಕ್ಕೆ ಬಂದ ಗಣ್ಯರನ್ನೆಲ್ಲ ಅವರು ಕೌಂಟರಿನ ಕಿಂಡಿಯಿಂದ ನೋಡಿದ್ದವರು. ಹಾಗಾಗಿ ಅವರಿಗೆ ಗಣ್ಯರ ಸೊಂಟ ಮತ್ತು ಕೈಗಳ ಪರಿಚಯ ಮಾತ್ರ ಇತ್ತು. ಒಬ್ಬರನ್ನಾದರೂ ಪೂರ್ತಿಯಾಗಿ ನೋಡಬೇಕೆಂದು ಆಸೆ.

ನನ್ನ ಕೊರಗು ಬೇರೆ. ನಮಗೆ ಪರವಾನಗಿ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ನಗರ ಕಚೇರಿಗೆ 'ಗಾಡಿ ತೆರೆಯಲು ಅನುಮತಿ ಕೋರಿ' ಎಂದು ನಾನೇ ಅರ್ಜಿ ಬರೆದು, ಮೂರು ಸಲ ತಿದ್ದಿ, ಕೊಟ್ಟು ಬಂದಿದ್ದೆ. ಉತ್ತರವಿರಲಿಲ್ಲ. ರಸ್ತೆಯಲ್ಲಿ ಖಾಕಿ ಬಟ್ಟೆ ಕಂಡರೆ ಸಾಕು, ನನ್ನ ಸೌಟು ತಾನಾಗಿ ನಿಲ್ಲುತ್ತಿತ್ತು. ಈ ವ್ಯಾನು ಹೋದರೆ ನಮಗೆ ಇನ್ನೊಂದು ದಾರಿಯಿಲ್ಲ ಎಂಬುದನ್ನು ನಾನು ದಿನಕ್ಕೊಂದು ಸಲವಾದರೂ, ಯಾರೂ ಕೇಳದಿದ್ದರೂ, ನೆನಪಿಸಿಕೊಳ್ಳುತ್ತಿದ್ದೆ.

ಬುಧವಾರ ಸಂಜೆ ಬಸ್ಸಿಳಿದು ನಮ್ಮ ಬೀದಿಗೆ ತಿರುಗಿದೆ. ಎದುರುಮನೆ ಟೈಲರ್ ಬಾಗಿಲಲ್ಲೇ ನಿಂತಿದ್ದ.

"ಅಭಿನಂದನೆ ಮೇಡಂ! ಕತ್ತರಿ ನಂದೇ."

"ಯಾವ ಕತ್ತರಿ?"

"ದೊಡ್ಡದು. ಸಾಣೆ ಹಿಡಿಸಿದೀನಿ. ಒಂದೇ ಏಟಿಗೆ ಕಚಕ್ ಅನ್ನಬೇಕು. ಸಾಹೇಬ್ರು ಎರಡನೇ ಸಲ ಒತ್ತಬಾರದು, ನನ್ನ ಮರ್ಯಾದೆ ಪ್ರಶ್ನೆ."

ಸಾಹೇಬರು ಯಾರು ಎಂದು ಕೇಳುವ ಧೈರ್ಯವಾಗಲಿಲ್ಲ. ಮನೆಯೊಳಗೆ ಕಾಲಿಟ್ಟರೆ ನಮ್ಮತ್ತೆ ಫೋನಿನಲ್ಲಿದ್ದರು. "ಹೂಂ ಕಣೇ, ಸರ್ಕಾರದೋರೇ ಬರ್ತಿದಾರೆ. ಅವ್ರಾಗೇ ಕಾಗದ ಹಾಕಿದಾರೆ. ನಾವೇನು ಕೈಕಾಲು ಹಿಡಿದಿಲ್ಲ. ನಿನ್ನ ಸೊಸೆನೂ ಕರ್ಕೊಂಡ್ ಬಾ, ನೋಡಿ ಕಲೀಲಿ" ಎಂದು ತಂಗಿಗೆ ಹೇಳಿ, ನನ್ನನ್ನು ನೋಡಿ, ಮೇಜಿನ ಮೇಲಿದ್ದ ಕಾರ್ಡಿನ ಕಡೆಗೆ ಗಲ್ಲ ಎತ್ತಿ ತೋರಿಸಿದರು.

ಗುಲಾಬಿ ಬಣ್ಣದ ಕಾರ್ಡು. ಬಂಗಾರದ ಅಕ್ಷರ.

'ಆತ್ಮೀಯರೇ, ನಗರ ಕಚೇರಿಯ ಮಾನ್ಯ ಅಧಿಕಾರಿಗಳ ಅಮೃತಹಸ್ತದಿಂದ ನಮ್ಮ ಗಾಡಿಯ ತೆರವು ಸಮಾರಂಭ. ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ತಾವು ಸಕುಟುಂಬ ಬಂದು ಈ ಶುಭ ತೆರವನ್ನು ಕಣ್ತುಂಬಿಕೊಳ್ಳಬೇಕಾಗಿ ವಿನಂತಿ.'

ಎರಡನೆಯ ಸಲ ಓದಿದೆ. ಅಕ್ಷರಗಳು ಹಾಗೇ ಇದ್ದವು.

"ರೀ, ಈ ಪದ ನಿಮಗೆ ಎಲ್ಲಿ ಸಿಕ್ಕಿತು?"

ನಮ್ಮವರು ಒಳಗಿನಿಂದ ಬಂದರು. ನಮ್ಮ ಮದುವೆಯ ಕೋಟು ತೊಟ್ಟಿದ್ದರು. ಗುಂಡಿ ಹಾಕಲಾಗದೆ ಉಸಿರು ಹಿಡಿದಿದ್ದರಿಂದ ಮಾತು ತುಂಡು ತುಂಡಾಗಿ ಬಂತು. "ಪದ ನಂದಲ್ಲ. ಅವರದೇ. ನೋಡು." ಲ್ಯಾಮಿನೇಷನ್ ಮಾಡಿಸಿದ ಕಾಗದವೊಂದನ್ನು ಎರಡೂ ಕೈಯಲ್ಲಿ ಕೊಟ್ಟರು.

ನಗರ ಕಚೇರಿಯ ಮುದ್ರೆ. ಕೆಳಗೆ ಹೀಗಿತ್ತು: 'ಬಸ್ ನಿಲ್ದಾಣದ ಹಿಂಬದಿ ರಸ್ತೆಯಲ್ಲಿರುವ ತಮ್ಮ ಗಾಡಿಯನ್ನು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಧಿಕಾರಿಗಳ ಸಮ್ಮುಖದಲ್ಲಿ, ಸೂಕ್ತ ಬಂದೋಬಸ್ತಿನೊಂದಿಗೆ, ಯಂತ್ರೋಪಕರಣಗಳ ನೆರವಿನಿಂದ ತೆರವುಗೊಳಿಸಲಾಗುವುದು. ಸದರಿ ಸಮಯದಲ್ಲಿ ತಾವು ಖುದ್ದು ಹಾಜರಿದ್ದು ಸಹಕರಿಸತಕ್ಕದ್ದು.'

"ರೀ, ತೆರವು ಅಂದ್ರೆ ತೆರೆಯೋದಲ್ಲ. ಖಾಲಿ ಮಾಡಿಸೋದು! ಎತ್ತಿ ಹಾಕ್ಕೊಂಡು ಹೋಗೋದು!"

ನಮ್ಮವರು ನಕ್ಕರು. ಕೋಟಿನ ಒಂದು ಗುಂಡಿ ಹಾರಿತು. "ಅಷ್ಟು ಓದಿದೀಯ, ಸರ್ಕಾರಿ ಭಾಷೆ ಗೊತ್ತಿಲ್ವಲ್ಲೇ. ನಾವು 'ಕೊಡ್ತೀವಿ' ಅಂತೀವಿ, ಅವ್ರು 'ನೀಡಲಾಗುವುದು' ಅಂತಾರೆ. ನಾವು 'ಮುಗಿಸ್ತೀವಿ', ಅವ್ರು 'ಪೂರ್ಣಗೊಳಿಸಲಾಗುವುದು'. ನಾವು 'ತೆರೀತೀವಿ', ಅವ್ರು 'ತೆರವುಗೊಳಿಸಲಾಗುವುದು'. ಮಾತು ಒಂದೇ, ಹಾಕ್ಕೊಂಡಿರೋ ಬಟ್ಟೆ ಬೇರೆ. ನೀನೇ ತಾನೇ ಅರ್ಜೀಲಿ 'ತೆರೆಯಲು' ಅಂತ ಬರೆದಿದ್ದು?"

"ಬಂದೋಬಸ್ತು ಅಂತ ಇದೆಯಲ್ರೀ!"

"ಮತ್ತೆ? ದೊಡ್ಡವರು ಬಂದ್ರೆ ಪೊಲೀಸ್ರು ಬರಲ್ವಾ?"

"ಯಂತ್ರೋಪಕರಣ?"

"ಮೈಕ್ ಸೆಟ್ಟು. ಅವರೇ ತರ್ತಾರೇನೋ. ಆದ್ರೂ ಕೈಬಿಟ್ರೆ ಕಷ್ಟ ಅಂತ ನಾನೂ ಒಂದು ಹೇಳಿದೀನಿ."

ಆಗ ಸೋಫಾದ ಮೂಲೆಯಿಂದ ಕೆಮ್ಮು ಕೇಳಿತು. ಅತ್ತೆಯ ತಮ್ಮ, ನಮ್ಮವರ ಸೋದರಮಾವ, ಅಲ್ಲಿ ಕೂತಿದ್ದರು. ಕಚೇರಿಯೊಂದರಲ್ಲಿ ಮೂವತ್ತು ವರ್ಷ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಡತ ಸಾಗಿಸಿ ನಿವೃತ್ತರಾದವರು. ಆ ಕಡತಗಳಲ್ಲಿ ಒಂದನ್ನೂ ಅವರು ಬಿಚ್ಚಿ ನೋಡಿದವರಲ್ಲ. ಆದರೆ ಅಷ್ಟು ವರ್ಷ ಎದೆಗೆ ಅವಚಿಕೊಂಡಿದ್ದರಿಂದ ಒಳಗಿನದೆಲ್ಲ ಇಳಿದಿದೆ ಎಂದು ನಮ್ಮ ಮನೆಯವರ ನಂಬಿಕೆ.

"ನೋಡಮ್ಮಾ," ಎಂದರು ಮಾವ, "ಕೆಟ್ಟ ಸುದ್ದಿಗೆ ಸರ್ಕಾರ ಯಾವತ್ತೂ 'ಸಹಕರಿಸತಕ್ಕದ್ದು' ಅನ್ನಲ್ಲ. ಕೆಟ್ಟ ಸುದ್ದಿನ ಅವ್ರು ಹೇಳೋದೇ ಇಲ್ಲ."

ನಾನು ಕೋಣೆಗೆ ಓಡಿ ನಿಘಂಟು ತಂದೆ. ಕಾಲೇಜಿನ ದಿನಗಳಿಂದ ಜೊತೆಗಿರುವ ನಿಘಂಟು, ನನಗೆ ಇದುವರೆಗೆ ಕೈಕೊಟ್ಟದ್ದಿಲ್ಲ. ಬೆರಳಿಟ್ಟು ಗಟ್ಟಿಯಾಗಿ ಓದಿದೆ. "ತೆರವು. ಒಂದು, ತೆರೆದಿರುವ ಜಾಗ..."

ಅಲ್ಲಿಗೆ ನನ್ನ ಧ್ವನಿ ನಿಂತಿತು. ನಮ್ಮವರು ಚಪ್ಪಾಳೆ ಹೊಡೆದರು.

"ತಾಳಿ, ಎರಡನೇ ಅರ್ಥ ಇದೆ! ಎರಡು, ಖಾಲಿ ಮಾಡುವುದು!"

"ಒಂದನೇದು ಕೈಗೆ ಸಿಕ್ಕಿರುವಾಗ ಎರಡನೇದಕ್ಕೆ ಯಾಕಮ್ಮಾ ಹೋಗ್ತೀಯ?" ಎಂದರು ಮಾವ ಬಹಳ ಕನಿಕರದಿಂದ. "ಓದಿದೋರಿಗೆಲ್ಲ ಇದೊಂದು ಕಾಯಿಲೆ."

"ಸರಿ, ನಾಳೆ ಒಂದು ದಿನ ವ್ಯಾನನ್ನ ಪಕ್ಕದ ರಸ್ತೆಗೆ ಸರಿಸಿಬಿಡೋಣ" ಎಂದು ನಾನು ಗೋಗರೆದೆ.

"ಸರಿಸೋದಾ!" ಅತ್ತೆ ಎದ್ದು ನಿಂತರು. "ನನ್ನ ತಂಗಿ ಹಳೇ ಜಾಗಕ್ಕೆ ಬಂದು ನಿಂತ್ಕೊಂಡು, ಗಾಡಿ ಎಲ್ಲೇ ಅಕ್ಕಾ ಅಂದ್ರೆ ಏನ್ ಹೇಳ್ಲಿ? ತೆರವೋ ಗಿರವೋ, ನೂರೈವತ್ತು ಕಾರ್ಡು ಹಂಚಿದೀವಿ. ಆಗೇ ಆಗತ್ತೆ."

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೂ ಅತ್ತೆಯೂ ಹಿಂಬದಿ ರಸ್ತೆ ತಲುಪಿದಾಗ ಅಲ್ಲಿ ಒಂದು ಗಾಡಿಯೂ ಇರಲಿಲ್ಲ. ಮೆಕ್ಕೆಜೋಳದವನು, ಹಣ್ಣಿನವನು, ನೂಡಲ್ಸಿನ ದಂಪತಿ, ಎಲ್ಲರೂ ಮಾಯ. ನಮ್ಮ ಹಳದಿ ವ್ಯಾನೊಂದೇ, ಮೈತುಂಬ ಬಲೂನು ಕಟ್ಟಿಕೊಂಡು, ರಸ್ತೆಯ ಆ ತುದಿಯಿಂದ ಈ ತುದಿಗೆ ಎದ್ದು ಕಾಣುತ್ತಿತ್ತು. ಮುಚ್ಚಿದ ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು. ಮೇಲೆ ಬಟ್ಟೆಯ ಫಲಕ: 'ತೆರವಿಗೆ ಆಗಮಿಸಿದ ಅಧಿಕಾರಿಗಳಿಗೆ ಹೃತ್ಪೂರ್ವಕ ಸ್ವಾಗತ.'

ಪಕ್ಕದ ಜಾಗದ ಜ್ಯೂಸಮ್ಮ ತನ್ನ ಕೊನೆಯ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟಿದ್ದವಳು ನನ್ನನ್ನು ಕಂಡು ನಿಂತಳು.

"ಅಕ್ಕಾ, ಅಣ್ಣಂಗೆ ಏನಾಗಿದೆ? ನಂಗೂ ಅದೇ ಕಾಗದ ಬಂದಿತ್ತು, ನಾನು ಲೋಟಕ್ಕೆ ಮುಚ್ಚಿದೆ. ಎಲ್ರೂ ಓಡ್ತಿದ್ರೆ ಇವ್ರು ಕುರ್ಚಿ ಹಾಕಿಸ್ತಿದಾರಲ್ಲ!"

"ಉದ್ಘಾಟನೆ ಅಂದ್ಕೊಂಡಿದಾರೆ."

ಜ್ಯೂಸಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಫಲಕ ನೋಡಿದಳು. ಕೋಟಿನಲ್ಲಿ ಓಡಾಡುತ್ತಿದ್ದ ನಮ್ಮವರನ್ನು ನೋಡಿದಳು. "ಹಾಗಾದ್ರೆ ನಾನು ಹೋಗಲ್ಲ," ಎಂದು ಬುಟ್ಟಿಯ ಮೇಲೆಯೇ ಕೂತುಬಿಟ್ಟಳು.

ನಾನು ನಮ್ಮವರ ತೋಳು ಹಿಡಿದೆ. "ರೀ, ಈ ರಸ್ತೆ ನೋಡಿ. ಯಾಕೆ ಯಾರೂ ಇಲ್ಲ?"

"ಸಾಹೇಬ್ರ ಕಾರಿಗೆ ಜಾಗ ಬಿಟ್ಟಿದಾರೆ ಕಣೇ. ಎಷ್ಟು ಒಳ್ಳೇ ಜನ!" ಅವರ ಕಣ್ಣು ಒದ್ದೆಯಾಗಿತ್ತು.

ನಾನೇ ವ್ಯಾನು ಚಾಲೂ ಮಾಡಿಬಿಡೋಣವೆಂದು ಮುಂದಿನ ಸೀಟಿಗೆ ಹತ್ತಿ ಕೀಲಿ ತಿರುಗಿಸಿದೆ. ಕಟ್ ಎಂಬ ಸದ್ದು ಕೂಡ ಬರಲಿಲ್ಲ. ಇಳಿದು ನೋಡಿದರೆ ವ್ಯಾನಿನ ಬ್ಯಾಟರಿ ಮೈಕಿನವನ ಪೆಟ್ಟಿಗೆಯ ಪಕ್ಕದಲ್ಲಿ ಕೂತಿತ್ತು. ಅಲ್ಲಿಂದ "ಹಲೋ, ಹಲೋ, ಒಂದು ಎರಡು ಮೂರು" ಎಂದು ನನ್ನನ್ನೇ ಅಣಕಿಸುವಂತೆ ಕೇಳಿತು.

ಅಷ್ಟರಲ್ಲಿ ನೆಂಟರು ಬಂದರು. ಅತ್ತೆಯ ತಂಗಿ ಸೊಸೆಯನ್ನು ಕರೆತಂದಿದ್ದರು. ಸೊಸೆ ಕಲಿಯಲು ಸಿದ್ಧಳಾಗಿ ನಿಂತಿದ್ದಳು. ಕಾರ್ಡು ಅಚ್ಚು ಹಾಕಿದ್ದ ಪ್ರೆಸ್ಸಿನವನೂ ಕ್ಯಾಮೆರಾ ನೇತುಹಾಕಿಕೊಂಡು ಬಂದ. ಅವನದೇ ಒಂದು ವಾರಪತ್ರಿಕೆಯಿದೆ. ನನ್ನ ಹತ್ತಿರ ಬಂದು ಬಗ್ಗಿ, "ಮೇಡಂ, ಎಂಥಾ ವ್ಯಂಗ್ಯ! 'ಶುಭ ತೆರವು' ಅಂತೆ! ಅಚ್ಚು ಹಾಕ್ತಾ ನಂಗೆ ರೋಮ ಎದ್ದು ನಿಲ್ತು. ಇಂಥಾ ಪ್ರತಿಭಟನೆ ಈ ಊರಲ್ಲೇ ಆಗಿಲ್ಲ. ನಿಮ್ಮವರು ನೋಡೋಕೆ ಎಷ್ಟು ಪಾಪ ಕಾಣ್ತಾರೆ, ಒಳಗೆ ಬೆಂಕಿ!" ಎಂದ.

ಬೆಂಕಿ ಆಗ ಪೂರ್ತಿ ಬಲೂನುಗಳ ಎಣಿಕೆಯಲ್ಲಿ ಮುಳುಗಿತ್ತು. ಒಂದು ಒಡೆದಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ರಸ್ತೆಯ ತಿರುವಿನಲ್ಲಿ ಮೊದಲು ಒಂದು ಕೊಕ್ಕೆ ಕಾಣಿಸಿತು. ಹಿಂದೆ ಅದನ್ನು ಹೊತ್ತ ಲಾರಿ. ಗಾಡಿಗಳನ್ನು ಎತ್ತಿಕೊಂಡು ಹೋಗುವ ಲಾರಿ. ಅದರ ಹಿಂದೆ ಜೀಪು. ಜೀಪಿನಿಂದ ಇಳಿದವರು ಕುಳ್ಳಗಿನ ಅಧಿಕಾರಿ, ಕಂಕುಳಲ್ಲಿ ಫೈಲು, ತಲೆಯ ಮೇಲೆ ಹೆಲ್ಮೆಟ್. ಜೀಪಿನಲ್ಲಿ ಬಂದವರು ಹೆಲ್ಮೆಟ್ ಏಕೆ ಹಾಕಿದ್ದಾರೆಂದು ಆಮೇಲೆ ತಿಳಿಯಿತು: ಅವರಿಗೆ ಕಲ್ಲೇಟಿನ ಅಭ್ಯಾಸವಿತ್ತು. ಬಂದೋಬಸ್ತಿಗೆ ಬಂದಿದ್ದ ಒಬ್ಬನೇ ಪೇದೆಯನ್ನು ಅತ್ತೆ ಕೈಹಿಡಿದು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು.

ನಮ್ಮವರು ಹೂಗುಚ್ಛ ಹಿಡಿದು ಓಡಿದರು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು.

"ಬನ್ನಿ ಸಾರ್, ಬನ್ನಿ! ಕೂತ್ಕೊಳಿ ಸಾರ್!"

"ನಂಗಾ?" ಅಧಿಕಾರಿ ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಮುಖದ ಮುಂದಿನ ಫೈಲು ಸ್ವಲ್ಪ ಇಳಿಯಿತು. "ಕುರ್ಚಿ ಹಾಕಿದೀರಾ?"

"ಮೆತ್ತನೇದು ಸಾರ್. ಮನೆಯಿಂದ ತಂದಿದ್ದು."

ಅಧಿಕಾರಿ ಕುರ್ಚಿಯನ್ನು ಮೊದಲು ಕೈಯಿಂದ ಒತ್ತಿ ನೋಡಿ, ಆಮೇಲೆ ತುದಿಯಲ್ಲಿ ಕೂತರು. ಫಲಕ ಓದಿದರು. ಓದುತ್ತಾ ಓದುತ್ತಾ ಅವರ ಹಣೆಯಲ್ಲಿ ಬೆವರು ಒಡೆಯಿತು. ಪ್ರೆಸ್ಸಿನವನ ಕ್ಯಾಮೆರಾ ಕಂಡು ಇನ್ನಷ್ಟು ಬೆವರಿದರು. ಪಕ್ಕದಲ್ಲಿ ನಿಂತಿದ್ದ ನನ್ನತ್ತ ಬಾಗಿ ಪಿಸುಗುಟ್ಟಿದರು.

"ಏನಮ್ಮಾ ಇದು? ಪ್ರತಿಭಟನೆನಾ? ಪೇಪರ್ನೋರ್ನೂ ಕರ್ಸಿದೀರಿ. ಹೋದ ತಿಂಗಳು ಒಂದು ಫೋಟೋ ಬಂದಿದ್ದಕ್ಕೇ ಮೇಲಿನೋರು ನನ್ನ ಅಟ್ಟಿಸಿಕೊಂಡು ಹೊಡೆಯೋದೊಂದು ಬಾಕಿ."

ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಿದರೆ ವ್ಯಾನು ಹೋಗುತ್ತದೆ. ಒಂದೊಂದೇ ಪದ ಆರಿಸಿ ಹೇಳಿದೆ. "ಸಾರ್, ನಿಮ್ಮ ಕಾಗದದಲ್ಲಿ ಹೇಗೆ ಬರೆದಿತ್ತೋ ಹಾಗೇ ನಡೀತಿದೆ. ಖುದ್ದು ಹಾಜರಿದ್ದೀವಿ. ಸಹಕರಿಸ್ತಿದೀವಿ."

ಅಷ್ಟು ಹೊತ್ತಿಗೆ ನಮ್ಮವರು ಮೈಕಿನ ಮುಂದೆ ನಿಂತಾಗಿತ್ತು. ಹದಿನೆಂಟು ವರ್ಷ ಕಿಂಡಿಯಿಂದ ಮಾತಾಡಿದ ಮನುಷ್ಯ. ಬಯಲಲ್ಲೂ ಬಗ್ಗಿಯೇ ಮಾತಾಡಿದರು.

"ಮಾನ್ಯರೇ! ನಾನು ಬಹಳ ದಿನದಿಂದ ಕಾಯ್ತಿದ್ದೆ ಇಂಥಾ ಒಂದು ತೆರವಿಗೆ. ಎಷ್ಟೋ ಜನ ಗಾಡಿ ಇಡ್ತಾರೆ, ಆದ್ರೆ ಎಲ್ರಿಗೂ ತೆರವಿನ ಭಾಗ್ಯ ಇರಲ್ಲ. ಸಾಹೇಬ್ರು ತಮ್ಮ ಕೆಲಸ ಎಲ್ಲಾ ಬಿಟ್ಟು ಬಂದು ತೆರವು ಮಾಡ್ತಿದಾರೆ. ಈ ರಸ್ತೇಲಿರೋ ಪ್ರತಿಯೊಂದು ಗಾಡಿನೂ ಇವರ ಕೈಯಿಂದಲೇ ತೆರವಾಗಲಿ ಅಂತ ಹಾರೈಸ್ತೀನಿ!"

ಪಕ್ಕದ ರಸ್ತೆಯಲ್ಲಿ ಅಡಗಿದ್ದ ಮೆಕ್ಕೆಜೋಳದವನು ಗೋಡೆಯ ಮೇಲಿಂದ ತಲೆ ಎತ್ತಿ ಏನೋ ಬೈದದ್ದು ಕೇಳಿಸಿತು. ನೆಂಟರ ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು. ಅಧಿಕಾರಿ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ," ಎಂದರು ನನಗೆ ಮಾತ್ರ ಕೇಳುವಂತೆ, "ನಂಗೆ ಚಪ್ಪಲಿ ಬಿಟ್ರೆ ಬೇರೇನೂ ಯಾರೂ ಕೊಟ್ಟಿಲ್ಲಮ್ಮಾ."

ಟೈಲರ್ ಕತ್ತರಿಯನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದ. ಅಧಿಕಾರಿ ಎದ್ದರು. ಕಚಕ್. ಒಂದೇ ಏಟು. ಟೈಲರ್ ಎರಡೂ ಕೈಯೆತ್ತಿ ಜನರಿಗೆ ತೋರಿಸಿದ. ನಮ್ಮವರು ಬಾಗಿಲೆತ್ತಿ ಕೋಲು ಆನಿಸಿದರು. ಒಳಗಿನ ಸೂಪಿನ ಹಬೆ ಹೊರಗೆ ನುಗ್ಗಿತು. ಫೋಟೋ ಆಯಿತು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ಲಾರಿಯ ಕೊಕ್ಕೆ ನೋಡುತ್ತಿದ್ದೇನೆ.

ಮೊಟ್ಟೆ ಬ್ರೆಡ್ಡು, ಸೂಪು ಎಲ್ಲರಿಗೂ ಹಂಚಿದೆ. ಪೇದೆಗೆ ಎರಡು ಸಲ. ಲಾರಿಯ ಚಾಲಕನಿಗೆ ಕೇಳದಿದ್ದರೂ ಮೂರನೆಯ ಸಲ ಬಡಿಸಿದೆ, ಕೈ ಖಾಲಿಯಾದರೆ ಕೊಕ್ಕೆಗೆ ಹೋಗುತ್ತದೆಂಬ ಭಯ. ಅಧಿಕಾರಿ ಬಾಯಿ ಒರೆಸಿಕೊಂಡು ಫೈಲು ಬಿಚ್ಚಿದರು. ನಮೂನೆಯೊಂದರಲ್ಲಿ ಗಟ್ಟಿಯಾಗಿ ಓದುತ್ತಾ ತುಂಬಿದರು.

"ತೆರವು ಕಾರ್ಯ ನಡೆಯಿತೇ. ಹೌದು. ಶಾಂತಿಯುತವಾಗಿ ನಡೆಯಿತೇ. ಹೌದು. ಸಾರ್ವಜನಿಕರ ಸಹಕಾರ..." ಇಲ್ಲಿ ತಲೆಯೆತ್ತಿ ಸುತ್ತ ನೋಡಿದರು. "ಅತ್ಯುತ್ತಮ. ಈ ಪದ ನಾನು ಇದುವರೆಗೆ ಬರೆದೇ ಇಲ್ಲ ಕಣ್ರೀ. ಇಲ್ಲಿ ಒಂದು ಸಹಿ."

'ನನ್ನ ಗಾಡಿಯನ್ನು ಅಧಿಕಾರಿಗಳು ನನ್ನ ಸಮ್ಮುಖದಲ್ಲಿ ತೆರವುಗೊಳಿಸಿರುತ್ತಾರೆ' ಎಂಬುದರ ಕೆಳಗೆ ನಮ್ಮವರು ಬಾಲ ಎಳೆದು, ಬಾಲದ ಕೆಳಗೆ ಎರಡು ಚುಕ್ಕೆಯಿಟ್ಟು ಸಹಿ ಹಾಕಿದರು. ಅಧಿಕಾರಿಯೂ ಹಾಕಿದರು. ಮುದ್ರೆ ಒತ್ತಿದರು. ಆಮೇಲೆ ನಿಟ್ಟುಸಿರು ಬಿಟ್ಟು, ಕುರ್ಚಿಯಿಂದ ಏಳಲು ಮನಸ್ಸಿಲ್ಲದವರಂತೆ ಎದ್ದು, "ಇನ್ನು ಎತ್ತೋಣಪ್ಪ" ಎಂದರು ಚಾಲಕನಿಗೆ.

"ಏನು ಎತ್ತೋದು ಸಾರ್?" ಚಾಲಕನ ಬಾಯಿತುಂಬ ಬ್ರೆಡ್ಡಿತ್ತು.

"ಗಾಡಿ."

"ಅದು ತೆರವಾಯ್ತಲ್ಲ ಸಾರ್. ಈಗ ತಾನೇ ಬರೆದ್ರಿ, ಮುದ್ರೆ ಒತ್ತಿದ್ರಿ. ಮತ್ತೆ ಎತ್ತಿದ್ರೆ ಒಂದೇ ಗಾಡಿನ ಎರಡು ಸಲ ತೆರವು ಮಾಡಿದ ಹಾಗಾಗತ್ತೆ. ಎರಡು ಸಲಕ್ಕೆ ಆದೇಶ ಇದ್ಯಾ?"

ಅಧಿಕಾರಿ ಫೈಲು ನೋಡಿದರು. ವ್ಯಾನು ನೋಡಿದರು. ಇನ್ನೊಮ್ಮೆ ಫೈಲು ನೋಡಿದರು. ನಾನು ಚಾಲಕನ ತಟ್ಟೆಗೆ ಇನ್ನೊಂದು ಬ್ರೆಡ್ಡು ಹಾಕಿದೆ. ಪ್ರೆಸ್ಸಿನವನು ಕ್ಯಾಮೆರಾ ಮತ್ತೆ ಕಣ್ಣಿಗೆ ಏರಿಸಿದ.

ಮೂವತ್ತು ವರ್ಷ ಕಡತ ಹೊತ್ತ ಮಾವ ಆ ಗಳಿಗೆಯಲ್ಲಿ ಎದ್ದು, "ಮುದ್ರೆ ಬಿದ್ದ ಮೇಲೆ ಬ್ರಹ್ಮ ಬಂದ್ರೂ ಆಗಲ್ಲ ಸಾರ್" ಎಂದುಬಿಟ್ಟರು. ಉದ್ಘಾಟನೆಯನ್ನು ಯಾರೋ ರದ್ದು ಮಾಡಲು ಹೊರಟಿದ್ದಾರೆಂದು ಅವರ ಎಣಿಕೆ. ಅವರ ಬದುಕಿನಲ್ಲಿ ಅವರು ಹೇಳಿದ ಒಂದೇ ಸರಿಯಾದ ಮಾತು, ಅದನ್ನೂ ತಪ್ಪು ತಿಳಿದೇ ಹೇಳಿದರು.

"ಆದೇಶ ಒಂದಕ್ಕೇ ಇರೋದು," ಎಂದರು ಅಧಿಕಾರಿ ನಿಧಾನವಾಗಿ. ಹೂಗುಚ್ಛ ಎತ್ತಿಕೊಂಡು ಜೀಪು ಹತ್ತಿದರು. ಲಾರಿಯ ಕೊಕ್ಕೆ ತಿರುವಿನಲ್ಲಿ ಮರೆಯಾಗುವ ತನಕ ನಾನು ಸೌಟು ಕೆಳಗಿಡಲಿಲ್ಲ.

"ಎಷ್ಟು ಸರಳ ಮನುಷ್ಯ," ಎಂದರು ನಮ್ಮವರು. "ಪೂರ್ತಿಯಾಗಿ ನೋಡಿದೆ ಕಣೇ. ಮುಖನೂ ಚೆನ್ನಾಗಿದೆ."

ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಆದರೆ ಅಂದಿನಿಂದ ನಮ್ಮ ವ್ಯಾನು ಕಾಗದದ ಪ್ರಕಾರ ಇಲ್ಲವಾಯಿತು. ಇಲ್ಲದ ವ್ಯಾನಿನಲ್ಲಿ ಇರುವ ಸೂಪು ಕಾಯಿಸುವುದು ಎಂಥ ಸಂಕಟವೆಂದು ಕಾಯಿಸಿದವರಿಗೇ ಗೊತ್ತು. ಅಧಿಕಾರಿ ವಾರಕ್ಕೊಮ್ಮೆ ಆ ದಾರಿಯಲ್ಲಿ ಬರುತ್ತಿದ್ದರು. ವ್ಯಾನಿಗೆ ಬೆನ್ನು ಹಾಕಿ ನಿಂತು, ರಸ್ತೆಯ ಆಚೆಗೆ ನೋಡುತ್ತಾ, "ಇಲ್ದೇ ಇರೋ ಗಾಡಿಯಿಂದ ಒಂದು ಸೂಪು" ಎನ್ನುತ್ತಿದ್ದರು. ನಾನು ಅವರ ಹಿಂದೆ ಚಾಚಿದ ಕೈಗೆ ಲೋಟ ಕೊಡುತ್ತಿದ್ದೆ. ಒಂದು ದಿನ ಹಾಗೇ ಬೆನ್ನು ಹಾಕಿಕೊಂಡು ಹೇಳಿದರು: "ಈ ಜಾಗ ತೆರವಾಗಿದೆ ಅಂತ ಫೈಲಲ್ಲಿದೆ. ತೆರವಾದ ಜಾಗ ಖಾಲಿ ಜಾಗ. ಖಾಲಿ ಜಾಗಕ್ಕೆ ಯಾರು ಬೇಕಾದ್ರೂ ಅರ್ಜಿ ಹಾಕಬಹುದು. ಗಾಳಿಗೆ ಹೇಳ್ತಿದೀನಿ, ನಿಮಗಲ್ಲ."

ಅಂದೇ ಅರ್ಜಿ ಬರೆದೆ. ಈ ಸಲ ಏಳು ಸಲ ತಿದ್ದಿದೆ. 'ತೆರೆ' ಎಂಬ ಅಕ್ಷರಗಳು ಎಲ್ಲೂ ಬಾರದಂತೆ ನೋಡಿಕೊಂಡೆ. ಕಾಯುವ ದಿನಗಳಲ್ಲಿ ನಮ್ಮವರಿಗೂ ವಿಷಯ ಬಿಡಿಸಿ ಹೇಳಿದೆ. ಜ್ಯೂಸಮ್ಮ ಸಾಕ್ಷಿ ಹೇಳಿದ ಮೇಲೆಯೇ ನಂಬಿದ್ದು. ನಂಬಿದ ಮೇಲೆ ಲ್ಯಾಮಿನೇಷನ್ ಮಾಡಿಸಿದ ಕಾಗದವನ್ನು ಬೀರುವಿನೊಳಗೆ ಮುಖ ಕೆಳಗೆ ಮಾಡಿ ಇಟ್ಟರು. ಆಮೇಲೆ, "ಇನ್ಮೇಲೆ ಯಾವ ಪದನೂ ಸುಮ್ನೆ ನಂಬಲ್ಲ" ಎಂದರು. ಆ ಮಾತಿಗೆ ನಾನು ಹೆದರಬೇಕಿತ್ತು. ಅದೊಂದಕ್ಕೆ ಹೆದರಲಿಲ್ಲ.

ಒಂದು ಮಧ್ಯಾಹ್ನ ಈರುಳ್ಳಿ ತರಲು ಹೋಗಿದ್ದೆ. ತಿರುಗಿ ಬಂದು ನೋಡಿದರೆ ವ್ಯಾನು ಇಲ್ಲ. ಅದು ನಿಂತಿದ್ದ ಕಡೆ ಎಣ್ಣೆಯ ಕಲೆ, ಚಕ್ರಗಳ ನಾಲ್ಕು ಗುರುತು, ಆನಿಸುವ ಕೋಲು. ಅಷ್ಟೇ. ಈರುಳ್ಳಿ ಚೀಲ ಕೈಯಿಂದ ಜಾರಿತು. ಜ್ಯೂಸಮ್ಮ ಅತ್ತಿತ್ತ ಕೈಬೀಸುತ್ತಾ, "ಅಣ್ಣನೇ ತಗೊಂಡ್ ಹೋದ್ರು ಅಕ್ಕಾ! ಯಾವ್ದೋ ಕಾಗದ ಬಂತು, ಓದಿದ್ರು, ಅತ್ತರು, ಓಡಿಸ್ಕೊಂಡ್ ಹೋದ್ರು!" ಎಂದಳು.

ಮನೆಗೆ ಓಡಿದೆ. ವ್ಯಾನು ಬಾಗಿಲ ಮುಂದಿತ್ತು. ನಮ್ಮವರು ಗೂಡುಗಳಿಂದ ಬ್ರೆಡ್ಡು ತೆಗೆದು ಬುಟ್ಟಿಗೆ ಹಾಕುತ್ತಿದ್ದರು. ಮಾವ ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಅತ್ತೆ ಹೊಸಿಲ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು.

"ಏನ್ರೀ ಇದು!"

"ನಮ್ಮ ಅರ್ಜಿನ ವಿಲೇವಾರಿ ಮಾಡಿದಾರಂತೆ ಕಣೇ." ಇನ್ನೊಂದು ಬ್ರೆಡ್ಡು ಬುಟ್ಟಿಗೆ ಹಾಕಿದರು. "ಈ ಸಲ ಆ ಪದ ನಂಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಕಸದ ಲಾರಿ ಮೇಲೆ ಓದ್ತೀನಿ, ಕಸ ವಿಲೇವಾರಿ ವಾಹನ ಅಂತ. ಅವ್ರು ಬಂದು ಎತ್ಕೊಂಡು ಹೋಗಿ ನಿನ್ನ ಮುಂದೆ ಮಾನ ಕಳೆಯೋದು ಬೇಡ ಅಂತ ನಾನೇ ಮರ್ಯಾದೆಯಾಗಿ ತಂದುಬಿಟ್ಟೆ."

"ವಿಲೇವಾರಿ ಆದ ಕಡತ ಮತ್ತೆ ಕಣ್ಣಿಗೆ ಬೀಳೋದಿಲ್ಲಮ್ಮಾ," ಎಂದರು ಮಾವ. "ನಾನೇ ಎಷ್ಟೋ ಹೊತ್ತು ಹಾಕಿದೀನಿ."

ಕಾಗದ ಕಸಿದುಕೊಂಡೆ. 'ತಮ್ಮ ಅರ್ಜಿಯನ್ನು ಪರಿಶೀಲಿಸಿ, ಸದರಿ ಖಾಲಿ ಜಾಗವನ್ನು ತಮಗೇ ಮಂಜೂರು ಮಾಡಿ, ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ. ಹದಿನೈದು ದಿನಗಳೊಳಗೆ ಗಾಡಿ ಸದರಿ ಸ್ಥಳದಲ್ಲಿ ಕಾಣದಿದ್ದಲ್ಲಿ ಮಂಜೂರಾತಿ ರದ್ದಾಗುವುದು.'

"ರೀ, ಮಂಜೂರು! ನಮಗೇ ಕೊಟ್ಟಿದಾರೆ! ಕೆಲಸ ಮುಗೀತು ಅನ್ನೋದಕ್ಕೆ ಅವ್ರು ವಿಲೇವಾರಿ ಅಂತಾರೆ!"

ನಮ್ಮವರು ಕಾಗದವನ್ನು, ನನ್ನನ್ನು, ಬುಟ್ಟಿಯಲ್ಲಿದ್ದ ಬ್ರೆಡ್ಡನ್ನು ನೋಡಿದರು. "ಹಾಗಾದ್ರೆ ಕಸಕ್ಕೆ ಏನಂತಾರೆ?" ಎಂದರು.

"ಅದಕ್ಕೂ ಅದೇ. ಹತ್ತಿ ಗಾಡಿ!"

ಯಾವ ಅಧಿಕಾರಿಯ ಕೊಕ್ಕೆಯಿಂದಲೂ ಆಗದ ತೆರವನ್ನು ತಾವೇ ಮಾಡಿಕೊಂಡು ಬಂದಿದ್ದ ಮನುಷ್ಯ, ಸೂಪಿನ ಪಾತ್ರೆ ತುಳುಕುತ್ತಿದ್ದರೂ ಗಾಡಿಯನ್ನು ಎಗರಿಸಿಕೊಂಡು ಓಡಿಸಿದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಆ ರಸ್ತೆಯಲ್ಲಿ ಖಾಲಿ ಜಾಗ ಎಂದರೆ ಎಷ್ಟು ಹೊತ್ತು ಖಾಲಿ ಇದ್ದೀತು? ತಿರುವು ದಾಟಿದಾಗ ನೋಡಿದೆ. ನಾಲ್ಕು ಚಕ್ರದ ಗುರುತಿನ ನಟ್ಟನಡುವೆ, ಸ್ಟೂಲಿನ ಮೇಲೆ, ಎರಡೂ ಕೈ ಅಗಲಿಸಿ, ಬಿಸಿಲಿಗೆ ಕೊಡೆ ಹಿಡಿದು ಜ್ಯೂಸಮ್ಮ ಕೂತಿದ್ದಳು. ನೂಡಲ್ಸಿನ ದಂಪತಿ ಒಂದು ಕಡೆಯಿಂದ, ಮೆಕ್ಕೆಜೋಳದವನು ಇನ್ನೊಂದು ಕಡೆಯಿಂದ ಗಾಡಿ ತಳ್ಳಿಕೊಂಡು ಅವಳ ಮೊಣಕಾಲಿನವರೆಗೆ ಬಂದಿದ್ದರು.

"ಬೇಗ ಬನ್ನಿ ಅಕ್ಕಾ!" ಎಂದು ಕೂಗಿದಳು. "ಒಂದು ಗಂಟೆಯಿಂದ ನಾನೇ ನಿಮ್ಮ ಗಾಡಿ ಆಗಿ ಕೂತಿದೀನಿ!"

ವ್ಯಾನು ತನ್ನ ನಾಲ್ಕು ಗುರುತಿನ ಮೇಲೆ ನಿಂತಿತು. ಆ ವಾರ ಬಂದ ಅಧಿಕಾರಿ, ಸಮಾರಂಭದ ನಂತರ ಮೊದಲ ಸಲ, ವ್ಯಾನಿಗೆ ಮುಖ ಮಾಡಿ ನಿಂತು ಸೂಪು ಕುಡಿದರು. ಕುಡಿದು ಮುಗಿಸಿ, "ಪಾತ್ರೆಗೆ ಮುಚ್ಚಳ ಮುಚ್ಚಮ್ಮಾ. ಇನ್ಮೇಲೆ ನೀವು ಇದೀರಿ. ಇರೋರಿಗೆ ನೋಟಿಸು ಬರತ್ತೆ" ಎಂದರು. ಓಡಿಹೋಗಿ ಮುಚ್ಚಿದೆ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಗಾಡಿ ತೆರೆಯುವುದು ಅವರು. ಕಾಗದ ತೆರೆಯುವುದು ನಾನು. ಮೊನ್ನೆ ಅಂಚೆಯವನು ಕಂದು ಲಕೋಟೆಯೊಂದನ್ನು ಚಾಚಿದಾಗ ನಮ್ಮವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿಂಡಿಯಿಂದ ಮಾತಾಡುವಂತೆ ಬಗ್ಗಿ, ಬಹಳ ಮರ್ಯಾದೆಯಿಂದ ಅಂದರು:

"ಇದಕ್ಕೆ ಪಕ್ಕದ ಕೌಂಟರ್."